ಅಜ್ಜನ ದಿನಚರಿ, ಮೊಮ್ಮಗಳ ಲೆಕ್ಕ

ನೇಸರಗಿಗೆ ಚಿತ್ರೀಕರಣಕ್ಕೆಂದು ಹೋಗಿದ್ದಾಗ, ಒಂದು ಕಾಲು ಸ್ವಾಧೀನ ತಪ್ಪಿದ್ದ ಹಿರಿಯರೊಬ್ಬರನ್ನು "ಅಜ್ಜಾರ, ದಿನಾ ಏನ್ ತೊಂದರಿ ಆಗ್ತೈತ್ರಿ?" ಎಂದು ಕೇಳಿದೆ. "ಏನೂ ಇಲ್ರಿ, ಎಲ್ಲಾ ನಾನ ಮಾಡ್ಕೋತೀನಿ" ಎಂದರು. ಪಕ್ಕದಲ್ಲಿದ್ದ ಮೊಮ್ಮಗಳು, "ಕಟ್ಟಿ ಇಳಿಯಾಕ ನಾ ಹೆಗಲು ಕೊಡಬೇಕ್ರಿ" ಎಂದಳು. ಅಜ್ಜ ಹೇಳಿದ್ದು ಸ್ವಾಭಿಮಾನದ ಮಾತು. ಮೊಮ್ಮಗಳು ಹೇಳಿದ್ದು ಅಳತೆ. ಪ್ರಮಾಣಪತ್ರ ಕೊಡುವ ವೈದ್ಯರಿಗೆ ಬೇಕಾದದ್ದು ಅಳತೆ.

1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು. 2016ರ ಕಾಯ್ದೆಯಲ್ಲಿ 21 ಇವೆ. ಶೇಕಡಾ 40 ತಲುಪದಿದ್ದರೆ, ಊರಿನವರು 'ಪಗಾರ' ಎನ್ನುವ ಮಾಸಾಶನವಿಲ್ಲ. ಹಾಗಾದರೆ ಈ ಶೇಕಡಾವಾರು ಎಲ್ಲಿಂದ ಬರುತ್ತದೆ?

ಬರಿಯ ಎಕ್ಸ್‌ರೇಯಿಂದಲ್ಲ, ನಿತ್ಯದ ಕೆಲಸಗಳಿಂದಲೂ ಬರುತ್ತದೆ. ಕೇಂದ್ರ ಸರ್ಕಾರದ 2001ರ ಮಾರ್ಗಸೂಚಿಯನ್ನೇ ನೋಡೋಣ. ಕೈಗೆ ಸಂಬಂಧಿಸಿದ ಹತ್ತು ಕೆಲಸಗಳಿಗೆ ತಲಾ ಶೇಕಡಾ 9: ಕೈಯಿಂದ ಉಣ್ಣುವುದು, ತಲೆ ಬಾಚುವುದು, ಗುಂಡಿ ಹಾಕುವುದು, ಲಾಡಿ ಕಟ್ಟುವುದು, ಬರೆಯುವುದು ಮುಂತಾದವು. ಕಾಲಿಗೆ ಸಂಬಂಧಿಸಿದ ಒಂಬತ್ತು ಕೆಲಸಗಳಿಗೆ ತಲಾ 10: ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕಿ ಕೂರುವುದು ಇತ್ಯಾದಿ. ಮಾನಸಿಕ ಕಾಯಿಲೆಗೆ 2002ರಲ್ಲಿ 'ಐಡಿಯಾಸ್' ಎಂಬ ಅಳತೆಗೋಲು ಬಂತು. ತನ್ನ ಆರೈಕೆ, ಜನರೊಡನೆ ಒಡನಾಟ, ಮಾತು-ತಿಳಿವಳಿಕೆ, ಕೆಲಸ ಎಂಬ ನಾಲ್ಕಕ್ಕೂ 0ಯಿಂದ 4ರವರೆಗೆ ಅಂಕ. ಕಾಯಿಲೆ ಎಷ್ಟು ಕಾಲದ್ದು ಎಂಬುದಕ್ಕೂ ಅಂಕವುಂಟು. ಇಲ್ಲಿ ಮನೆಯವರ ಮಾತನ್ನೂ ಕೇಳುತ್ತಾರೆ.

ತಪಾಸಣೆ ಕೆಲವೇ ನಿಮಿಷಗಳದ್ದು. ಅಂದು ನೋವು ಕಡಿಮೆ ಇರಬಹುದು, ಸಂಕೋಚವೂ ಆಗಬಹುದು. ಆದ್ದರಿಂದ ವಿದ್ಯಾರ್ಥಿಗಳೇ, ಮನೆಯಲ್ಲಿ ಇಂಥವರಿದ್ದರೆ ಎರಡು ವಾರಗಳ ದಿನಚರಿಯನ್ನು ನೀವು ಬರೆದುಕೊಡಿ. ಪ್ರತಿ ಕೆಲಸಕ್ಕೂ ನಾಲ್ಕು ಪ್ರಶ್ನೆ ಹಾಕಿಕೊಳ್ಳಿ: ಯಾರ ನೆರವು ಬೇಕಾಯಿತು? ಎಷ್ಟು ಹೊತ್ತು ಹಿಡಿಯಿತು? ವಾರದಲ್ಲಿ ಎಷ್ಟು ದಿನ ಹೀಗೆ? ಆಮೇಲೆ ನೋವೋ, ಸುಸ್ತೋ? "ನಡೆಯಲು ಕಷ್ಟ" ಎಂದರೆ ಏನೂ ತಿಳಿಯದು. "ಬಚ್ಚಲಿಗೆ ಹೋಗಲು ಗೋಡೆ ಹಿಡಿಯಬೇಕು, ಹತ್ತು ನಿಮಿಷ ಬೇಕು, ವಾರದಲ್ಲಿ ಎರಡು ಸಲ ಬಿದ್ದರು" ಎಂದರೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಒಳ್ಳೆಯ ದಿನವನ್ನೂ ಬರೆಯಿರಿ, ಕೆಟ್ಟ ದಿನವನ್ನೂ ಬರೆಯಿರಿ.

ಉತ್ಪ್ರೇಕ್ಷೆ ಮಾತ್ರ ಬೇಡ. ಮೋಸದಿಂದ ಸೌಲಭ್ಯ ಪಡೆದರೆ 2016ರ ಕಾಯ್ದೆಯಡಿ ಎರಡು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಹಾಗೆಯೇ, ಪ್ರಮಾಣಪತ್ರದ ತೀರ್ಮಾನ ಸರಿಯೆನಿಸದಿದ್ದರೆ ಮೇಲ್ಮನವಿ ಸಲ್ಲಿಸುವ ಹಕ್ಕನ್ನೂ ಅದೇ ಕಾಯ್ದೆ ಕೊಟ್ಟಿದೆ.

ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡಿಗೆ 'ಸ್ವಾವಲಂಬನ್' ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಮಾಸಾಶನದ ಅರ್ಜಿಗೆ ನಾಡಕಚೇರಿಯಿದೆ. ಪಂಚಾಯಿತಿ ಮಟ್ಟದ ಪುನರ್ವಸತಿ ಕಾರ್ಯಕರ್ತರು ದಾರಿ ತೋರಿಸುತ್ತಾರೆ.

ಬರೆದ ಹಾಳೆಯನ್ನು ಮೊದಲು ಅಜ್ಜನಿಗೆ ಓದಿ ಹೇಳಿ, ಒಪ್ಪಿಗೆ ಪಡೆಯಿರಿ. ಅದು ಅವರ ಬದುಕಿನ ಲೆಕ್ಕ. ನೆರವು ಕೇಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲವೆಂದು ಅವರಿಗೆ ಮನೆಯವರೇ ಹೇಳಬೇಕು.