‘ಡಾಕ್ಟರ್ ಆದಮೇಲೂ ಓದೇನು?’: ಪೋಸ್ಟ್‌ಡಾಕ್ ಬಗ್ಗೆ ಎರಡು ತಪ್ಪು ತಿಳಿವಳಿಕೆ

ಮಾನ್ವಿ ತಾಲೂಕಿನ ಚೀಕಲಪರ್ವಿ ತುಂಗಭದ್ರೆಯ ದಂಡೆಯ ಊರು, ವಿಜಯದಾಸರ ಊರು. ಇಂಥ ಊರಿನಿಂದ ಹೋಗಿ ಜೀವರಸಾಯನ ವಿಜ್ಞಾನದಲ್ಲಿ ಪಿಎಚ್‌ಡಿ ಮುಗಿಸಿದವರಿಗೆ ಮನೆಯಲ್ಲಿ ಎರಡು ಪ್ರಶ್ನೆ ಕಾದಿರುತ್ತವೆ. ‘ಡಾಕ್ಟರ್ ಆದಿಯಲ್ಲ, ದವಾಖಾನಿ ಯಾವಾಗ ತಗೀತಿ?’ ಅದಕ್ಕೆ ಉತ್ತರವಾಗಿ ‘ಪೋಸ್ಟ್‌ಡಾಕ್ ಮಾಡ್ತೀನಿ’ ಎಂದರೆ, ‘ಇನ್ನಾ ಎಷ್ಟು ಓದ್ತಿ?’

ಎರಡನೆಯದನ್ನೇ ಮೊದಲು ನೋಡೋಣ. ಪೋಸ್ಟ್‌ಡಾಕ್ ಓದಲ್ಲ. ಇದಕ್ಕೆ ಪರೀಕ್ಷೆಯಿಲ್ಲ, ಕೊನೆಗೆ ಪದವಿಯೂ ಸಿಗುವುದಿಲ್ಲ. ಪಿಎಚ್‌ಡಿ ಆದವರು ಒಬ್ಬ ಹಿರಿಯ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಕೆಲವು ವರ್ಷದ ಮಟ್ಟಿಗೆ ಮಾಡುವ ಸಂಬಳದ ಕೆಲಸ ಇದು. ಕೇಂದ್ರ ಸರ್ಕಾರದ ಯೋಜನೆಗಳಲ್ಲಿ ‘ರಿಸರ್ಚ್ ಅಸೋಸಿಯೇಟ್’ ಹುದ್ದೆಗೆ 2023ರ ಜನವರಿಯಿಂದ ತಿಂಗಳಿಗೆ 58,000 ರೂಪಾಯಿಯಿಂದ ಶುರು, ಮನೆ ಬಾಡಿಗೆ ಭತ್ಯೆ ಬೇರೆ. ಆದ್ದರಿಂದ ಯಾರಾದರೂ ‘ಪೋಸ್ಟ್‌ಡಾಕ್ ಸೀಟು ಕೊಡಿಸ್ತೀವಿ, ಇಷ್ಟು ಫೀಸು ಕಟ್ಟಿ’ ಎಂದರೆ ಅಲ್ಲಿಂದ ಎದ್ದು ಬರುವುದೇ ಸರಿ. ಹಾಗೆಂದು ಇದು ಕಾಯಂ ನೌಕರಿಯೂ ಅಲ್ಲ. ಯೋಜನೆ ಮುಗಿದರೆ ಕೆಲಸವೂ ಮುಗಿಯುತ್ತದೆ. ಇದನ್ನು ಮನೆಯವರಿಗೆ ಮೊದಲೇ ಹೇಳಿಬಿಡಬೇಕು.

ಇನ್ನು ದವಾಖಾನೆಯ ಮಾತು. ವೈದ್ಯಕೀಯ ಸಂಶೋಧನೆಗೆ ಎಂಬಿಬಿಎಸ್ ಆಗಿರಲೇಬೇಕೇ? ಇಲ್ಲ. ನಮ್ಮ ಜಿಲ್ಲೆಯದೇ ಉದಾಹರಣೆ ತೆಗೆದುಕೊಳ್ಳೋಣ. ರಾಯಚೂರಿನ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಲೆ ಬೀಳಬಹುದು. ಪ್ರಮಾಣ ಇನ್ನೂ ಹೆಚ್ಚಾದರೆ ದೊಡ್ಡವರ ಮೂಳೆ, ಕೀಲುಗಳು ಬಿಗಿಯುತ್ತವೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ರೋಗಿಯನ್ನು ನೋಡುವವರು ವೈದ್ಯರು. ಆದರೆ ಫ್ಲೋರೈಡ್ ಮೂಳೆಯ ಖನಿಜದೊಳಗೆ ಸೇರಿಕೊಂಡಾಗ ಮೂಳೆ ಕಟ್ಟುವ ಕೋಶಗಳಿಗೆ ಏನಾಗುತ್ತದೆ? ಒಂದೇ ಬಾವಿಯ ನೀರು ಕುಡಿದ ಇಬ್ಬರಲ್ಲಿ ಒಬ್ಬರಿಗೇ ಯಾಕೆ ಜಾಸ್ತಿ ತೊಂದರೆ? ಮೂತ್ರಪಿಂಡ, ಆಹಾರದ ಕ್ಯಾಲ್ಸಿಯಂ, ವಂಶವಾಹಿ, ಇವುಗಳಲ್ಲಿ ಯಾವುದರ ಪಾಲು ಎಷ್ಟು? ಇವನ್ನು ಬಿಡಿಸಲು ಜೀವರಸಾಯನ, ತಳಿವಿಜ್ಞಾನ, ಸಂಖ್ಯಾಶಾಸ್ತ್ರ ಬಲ್ಲವರು ಬೇಕು. ವೈದ್ಯಕೀಯ ವಿಶ್ವವಿದ್ಯಾಲಯದ ಅನುಕೂಲ ಇಲ್ಲೇ ಇದೆ: ಆಸ್ಪತ್ರೆಯೂ ಪ್ರಯೋಗಾಲಯವೂ ಒಂದೇ ಆವರಣದಲ್ಲಿರುತ್ತವೆ.

ರಾಯಚೂರಿನಲ್ಲಿ 2007ರಿಂದ ರಿಮ್ಸ್ ವೈದ್ಯಕೀಯ ಕಾಲೇಜು ಇದ್ದರೂ ಪೋಸ್ಟ್‌ಡಾಕ್ ಹುದ್ದೆ ಹುಡುಕುವವರು ಬೆಂಗಳೂರಿನ ನಿಮ್ಹಾನ್ಸ್, ಸೇಂಟ್ ಜಾನ್ಸ್ ಅಥವಾ ಮಣಿಪಾಲದ ಕಡೆ ನೋಡುವುದೇ ಹೆಚ್ಚು. ಪ್ರಯೋಗಾಲಯಗಳ ಜಾಹೀರಾತಿಗೆ ನೇರವಾಗಿ ಅರ್ಜಿ ಹಾಕುವುದು ಒಂದು ದಾರಿ. ಸ್ವಂತ ಫೆಲೋಶಿಪ್ ಪಡೆದು ಹೋಗುವುದು ಇನ್ನೊಂದು. 2 ವರ್ಷದ ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್‌ಗೆ ವಯೋಮಿತಿ 35. ಮಹಿಳೆಯರಿಗೆ, ಪರಿಶಿಷ್ಟರಿಗೆ, ಹಿಂದುಳಿದ ವರ್ಗದವರಿಗೆ, ಅಂಗವಿಕಲರಿಗೆ 5 ವರ್ಷ ಸಡಿಲಿಕೆಯಿದೆ. ಅದಕ್ಕೆ ಮಾರ್ಗದರ್ಶಕರ ಒಪ್ಪಿಗೆ ಮೊದಲೇ ಬೇಕಾಗುವುದರಿಂದ, ಅರ್ಜಿ ಕರೆಯುವ ತನಕ ಕಾಯದೆ ಅವರ ಪ್ರಬಂಧಗಳನ್ನು ಓದಿ, ನಿಮ್ಮ ಪ್ರಶ್ನೆ ಏನೆಂದು ಒಂದು ಪುಟದಲ್ಲಿ ಬರೆದು ಕಳಿಸಿ.