ನಿಮಗಿದು ಗೊತ್ತೆ? ಕನ್ನಡ ಕಡಲಿಗೆ ನೀಲಿ ಬಾವುಟ

ಕಡಲತೀರದ ಸ್ವಚ್ಛತೆಗೆ ಜಗತ್ತು ಒಪ್ಪುವ ಗುರುತು ‘ಬ್ಲೂ ಫ್ಲ್ಯಾಗ್’. 1985ರಲ್ಲಿ ಫ್ರಾನ್ಸ್‌ನಲ್ಲಿ ಶುರುವಾಯಿತು. 2020ರ ಅಕ್ಟೋಬರ್‌ನಲ್ಲಿ ಭಾರತದ 8 ತೀರಗಳಿಗೆ ಈ ಮಾನ್ಯತೆ ದಕ್ಕಿದಾಗ ಅವುಗಳಲ್ಲಿ ಎರಡು ನಮ್ಮವು: ಹೊನ್ನಾವರದ ಕಾಸರಕೋಡು, ಉಡುಪಿ ಜಿಲ್ಲೆಯ ಪಡುಬಿದ್ರಿ. ಹೆಮ್ಮೆಯ ಸಂಗತಿಯೇ ಸರಿ.

ಒಟ್ಟು 33 ಮಾನದಂಡಗಳು. ನೀರನ್ನು ಈಜಿನ ಋತುವಿನುದ್ದಕ್ಕೂ ಪರೀಕ್ಷಿಸುತ್ತಿರಬೇಕು. ಊರವರಿಗೂ ಪ್ರವಾಸಿಗರಿಗೂ ಕನಿಷ್ಠ 5 ಪರಿಸರ ಶಿಕ್ಷಣ ಕಾರ್ಯಕ್ರಮ ನಡೆಸಬೇಕು. ಪ್ಲಾಸ್ಟಿಕ್ ಚೂರೂ ಉಳಿಯಬಾರದು; ಆದರೆ ಅಲೆ ತಂದು ಹಾಕಿದ ಕಡಲಪಾಚಿ ತೊಂದರೆ ಕೊಡದಿದ್ದರೆ ಅದನ್ನು ಅಲ್ಲೇ ಬಿಡಬೇಕು, ಅದು ತೀರದ ಸಣ್ಣ ಜೀವಿಗಳ ಆಹಾರ. ಮಾನ್ಯತೆ ಒಂದು ಋತುವಿಗಷ್ಟೇ. ನಿಯಮ ತಪ್ಪಿದರೆ ಬಾವುಟ ಇಳಿಯುತ್ತದೆ.

ಆದರೆ ನಮ್ಮ ಜಿಲ್ಲೆಯ ನಂದಿ ಬೆಟ್ಟಕ್ಕೂ ಕಡಲ ಸ್ವಚ್ಛತೆಗೂ ಏನು ನಂಟು? ನಂದಿ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರು ಹಾದು, ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ಬಂಗಾಳಕೊಲ್ಲಿ ಸೇರುತ್ತದೆ. ದಕ್ಷಿಣ ಪಿನಾಕಿನಿ ತಮಿಳುನಾಡಿನ ಕಡಲೂರಿನ ಬಳಿ. ಬೆಟ್ಟದಲ್ಲಿ ಎಸೆದ ಚಿಪ್ಸ್ ಪೊಟ್ಟಣ ಮಳೆ ಬಂದರೆ ಹಿಡಿಯುವುದೂ ಹೊಳೆಯ ದಾರಿಯನ್ನೇ.

ಸೆಪ್ಟೆಂಬರ್‌ನ ಮೂರನೇ ಶನಿವಾರ ಅಂತರರಾಷ್ಟ್ರೀಯ ಕಡಲತೀರ ಸ್ವಚ್ಛತಾ ದಿನ. ಕಡಲಿಲ್ಲದ ನಮ್ಮ ಜಿಲ್ಲೆಯ ಶಾಲೆ, ಸಂಘಗಳೂ ಅಂದು ಬೆಟ್ಟದ ಹಾದಿ, ಕೆರೆ ಏರಿಗಳ ಪ್ಲಾಸ್ಟಿಕ್ ಆರಿಸಲು ಮುಂದಾಗಲಿ.