ಭಾರ ಹೊತ್ತ ಗಂಟಿನ ಚೆಲುವು

ಸುರಪುರ ತಾಲೂಕಿನ ಕಕ್ಕೇರಾದಂಥ ಊರುಗಳ ಹಳೆಯ ಮಾಳಿಗೆ ಮನೆಗಳಲ್ಲಿ ನೆಲುವು ಇಲ್ಲದ ಅಡಿಗೆಮನೆ ಇರಲಿಲ್ಲ. ಹಾಲು, ಮೊಸರು, ಬೆಣ್ಣೆಯ ಗಡಿಗೆಗಳು ಬೆಕ್ಕಿನ ಕೈಗೆ ಸಿಗದ ಹಾಗೆ ಜಂತಿಯಿಂದ ಇಳಿಬಿದ್ದ ಹಗ್ಗದ ಬಲೆಯಲ್ಲಿ ಕೂತಿರುತ್ತಿದ್ದವು. ಕೆಳಗೊಂದು ಸಿಂಬಿ, ಅದರಿಂದ ಮೇಲೆದ್ದ ಮೂರೋ ನಾಲ್ಕೋ ಹುರಿಗಳು, ಎಲ್ಲ ಕೂಡುವಲ್ಲಿ ಒಂದು ಗಟ್ಟಿ ಗಂಟು, ಕೆಲವು ಮನೆಗಳಲ್ಲಿ ಗಂಟಿನ ಕೆಳಗೊಂದು ಬಣ್ಣದ ಗೊಂಡೆ. ಫ್ರಿಜ್ ಬಂದ ಮೇಲೆ ಅದರ ಕೆಲಸ ಹೋಯಿತು. ಈಗ ಅದೇ ವಸ್ತು ಮ್ಯಾಕ್ರಮೆ ಎಂಬ ಹೆಸರು ಹೊತ್ತು, ಬಿಳಿ ಹತ್ತಿಯ ಹುರಿಯಲ್ಲಿ, ಮೊಸರಿನ ಗಡಿಗೆಯ ಬದಲು ಮನಿ ಪ್ಲಾಂಟಿನ ಕುಂಡವನ್ನು ಎತ್ತಿಕೊಂಡು ಪಡಸಾಲೆಗೆ ಬಂದಿದೆ. ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ ಬದಲು ಮನೆಯಲ್ಲೇ ಮಾಡಿ ನೋಡಿದವರಿಗೆ ತಿಳಿಯುವ ಸಂಗತಿಯೊಂದಿದೆ: ಈ ಕೆಲಸದಲ್ಲಿ ಬರಿ ಅಂದಕ್ಕೆಂದು ಹಾಕಿದ ಗಂಟು ಬಹಳ ಕಡಿಮೆ. ಕಣ್ಣಿಗೆ ಚೆಂದ ಕಾಣುವ ಪ್ರತಿ ತಿರುವೂ ಯಾವುದೋ ಒಂದು ಭಾರವನ್ನು ಹಿಡಿದುಕೊಂಡಿರುತ್ತದೆ.

ಮೊದಲು ಹುರಿಯ ಮಾತು. ಪುಂಡಿಪಲ್ಯ ಉಣ್ಣದ ಮನೆ ನಮ್ಮ ಸೀಮೆಯಲ್ಲಿ ಸಿಗುವುದು ಕಷ್ಟ. ಎಲೆ ಕೊಯ್ಯದೆ ಬೆಳೆಯಲು ಬಿಟ್ಟರೆ ಅದೇ ಪುಂಡಿ ಆಳೆತ್ತರ ಹೋಗುತ್ತದೆ, ಅದರ ಕಾಂಡದ ತೊಗಟೆಯಲ್ಲಿ ಉದ್ದನೆಯ ನಾರು ಇರುತ್ತದೆ. ಕಡ್ಡಿಗಳನ್ನು ಕಟ್ಟು ಕಟ್ಟಿ, ಮೇಲೆ ಕಲ್ಲು ಹೇರಿ, ಹಳ್ಳದ ನೀರಿನಲ್ಲಿ ಎರಡು ವಾರ ಆಚೀಚೆ ಮುಳುಗಿಸಿಡುತ್ತಿದ್ದರು. ನಾರನ್ನು ಕಾಂಡಕ್ಕೆ ಅಂಟಿಸಿ ಹಿಡಿದ ಅಂಟನ್ನು ನೀರಿನೊಳಗಿನ ಸೂಕ್ಷ್ಮಜೀವಿಗಳು ತಿಂದು ಬಿಡಿಸುತ್ತವೆ. ಬೇಗ ತೆಗೆದರೆ ತೊಗಟೆ ಬಿಡುವುದಿಲ್ಲ, ತಡವಾದರೆ ನಾರೇ ಕೊಳೆತು ಕೈಯಲ್ಲಿ ತುಂಡಾಗುತ್ತದೆ. ನೀರು ಬೆಚ್ಚಗಿದ್ದರೆ ಬೇಗ, ತಣ್ಣಗಿದ್ದರೆ ನಿಧಾನ. ಹಾಗಾಗಿ ದಿನ ಎಣಿಸಿ ತೆಗೆಯುವವರಿಲ್ಲ, ನಡುವೆ ಒಂದು ಕಡ್ಡಿ ಎಳೆದು, ಬುಡದಲ್ಲಿ ಸುಲಿದು ನೋಡಿ ತೆಗೆಯುವವರೇ ಎಲ್ಲ.

ಆ ನಾರನ್ನು ಒಂದು ತುದಿಯಲ್ಲಿ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ತೊಡೆಯ ಮೇಲೆ ಅಂಗೈಯಿಂದ ಹೊಸೆಯುತ್ತಿದ್ದ ಮುತ್ಯಾಗಳನ್ನು ಕಂಡವರು ಇನ್ನೂ ಇದ್ದಾರೆ. ಅವರು ಮಾಡುತ್ತಿದ್ದ ಕೆಲಸದ ಗುಟ್ಟು ಸರಳ, ಆದರೆ ಅದ್ಭುತ. ಪ್ರತಿ ಎಳೆಯನ್ನೂ ಒಂದು ದಿಕ್ಕಿಗೆ ಹೊಸೆದು, ಆಮೇಲೆ ಆ ಎಳೆಗಳನ್ನು ಕೂಡಿಸಿ ಎದುರು ದಿಕ್ಕಿಗೆ ಹುರಿ ಹಾಕುತ್ತಾರೆ. ಎಳೆ ಬಿಚ್ಚಿಕೊಳ್ಳಲು ನೋಡಿದಷ್ಟೂ ಹುರಿ ಬಿಗಿಯುತ್ತದೆ, ಹುರಿ ಬಿಚ್ಚಲು ಹೋದರೆ ಎಳೆ ಬಿಗಿಯುತ್ತದೆ. ಎರಡೂ ಒಂದನ್ನೊಂದು ತಡೆದು ನಿಲ್ಲುತ್ತವೆ. ಅಂಟಿಲ್ಲ, ಹೊಲಿಗೆಯಿಲ್ಲ. ಗೇಣುದ್ದದ ನಾರಿನ ತುಣುಕುಗಳೇ ಸೇರಿ ಎಷ್ಟು ಉದ್ದ ಬೇಕಾದರೂ ಹಗ್ಗವಾಗುತ್ತವೆ, ಎತ್ತಿನ ಎಳೆತಕ್ಕೂ ಜಗ್ಗುವುದಿಲ್ಲ.

ಇಂದು ಮನೆಯಲ್ಲಿ ಕಲಿಯುವವರು ಹೊಸೆಯುವುದರಿಂದ ಶುರು ಮಾಡಬೇಕಾಗಿಲ್ಲ. ಶಹಾಪುರ, ಸುರಪುರದ ಕರಿನೆಲ ಹತ್ತಿಯ ನೆಲ, ಹತ್ತಿಯ ಹುರಿ ನಮಗೆ ಪರಕೀಯವೇನಲ್ಲ. ನಾಲ್ಕು ಮಿಲಿಮೀಟರ್ ದಪ್ಪದ ಮೂರೆಳೆಯ ಹುರಿ ತರುವುದು ಒಳ್ಳೆಯದು. ಒಂದೇ ಎಳೆಯದ್ದೂ ಸಿಗುತ್ತದೆ. ತುದಿಯನ್ನು ಬಾಚಿದರೆ ಅದು ರೇಷ್ಮೆಯ ಹಾಗೆ ಹರಡುತ್ತದೆ ನಿಜ, ಆದರೆ ಕಟ್ಟಿ ಬಿಚ್ಚಿ ಮತ್ತೆ ಕಟ್ಟಿದರೆ ಜುಂಗಾಗಿ ಹಾಳಾಗುತ್ತದೆ. ಕಲಿಯುವವರ ಕೈಯಲ್ಲಿ ಕಟ್ಟುವುದಕ್ಕಿಂತ ಬಿಚ್ಚುವುದೇ ಹೆಚ್ಚು. ಮೂರೆಳೆಯ ಹುರಿ ಅದನ್ನೆಲ್ಲ ತಾಳಿಕೊಳ್ಳುತ್ತದೆ. "ಬಿಚ್ಚಿ ಮತ್ತ ಹಾಕವ್ವ, ಹುರಿಗೇನ್ ಬ್ಯಾಸರಾಗಂಗಿಲ್ಲ" ಎಂದು ಮಗ್ಗುಲಲ್ಲಿ ಕೂತ ಆಯಿ ಹೇಳುವ ಮಾತು ಮೂರೆಳೆಯ ಹುರಿಗೇ ಸರಿ.

ಹುರಿಯನ್ನು ಎಷ್ಟು ಉದ್ದ ಕತ್ತರಿಸಬೇಕು? ಮೊದಲ ಸಲ ಮಾಡುವವರು ಎಡವುವುದು ಇಲ್ಲೇ. ಅರ್ಧ ಕೆಲಸ ಆಗುವಷ್ಟರಲ್ಲಿ ಎರಡು ಹುರಿ ಮುಗಿದಿರುತ್ತವೆ, ಪಕ್ಕದ ಎರಡು ಮೊಳಗಟ್ಟಲೆ ಉಳಿದಿರುತ್ತವೆ. ಕಾರಣವಿದೆ. ನಾಲ್ಕು ಎಳೆಯ ಗುಂಪಿನಲ್ಲಿ ನಡುವಿನ ಎರಡು ಸುಮ್ಮನೆ ನೇರ ಇಳಿಯುತ್ತವೆ, ಅವುಗಳಿಗೆ ಗಂಟಿನ ಉದ್ದದಷ್ಟೇ ಸಾಕು. ಹೊರಗಿನ ಎರಡು ಅವನ್ನು ಸುತ್ತಿ ಸುತ್ತಿ ಗಂಟಾಗುವುದರಿಂದ ನಾಲ್ಕೈದು ಪಟ್ಟು ಬೇಕು. ದಪ್ಪ ಬದಲಾದರೆ, ಕೈಯ ಬಿಗಿ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಅದಕ್ಕೇ ಯಾರ ಕೋಷ್ಟಕವನ್ನೂ ನಂಬದೆ, ತಂದ ಹುರಿಯಲ್ಲೇ ಒಂದು ಪರೀಕ್ಷೆ ಮಾಡಬೇಕು. ನಾಲ್ಕು ಮೊಳದ ತುಂಡುಗಳನ್ನು ಕತ್ತರಿಸಿ, ಒಂದು ಗೇಣಿನಷ್ಟು ಗಂಟು ಹಾಕಿ, ಉಳಿದಿದ್ದನ್ನು ಅಳೆಯಿರಿ. ಮುಗಿದದ್ದೆಷ್ಟು ಎಂಬುದು ನಿಮ್ಮ ಕೈಯ ಲೆಕ್ಕ, ಇನ್ನೊಬ್ಬರಿಗೆ ಅದು ಹೊಂದುವುದಿಲ್ಲ. ಇನ್ನೊಂದು ಉಪಾಯವೂ ಉಂಟು. ಒಂದು ಭಾಗ ಮುಗಿದು ಮುಂದಿನ ಭಾಗ ಶುರುವಾಗುವಾಗ ನಡುವಿನ ಎಳೆಗಳನ್ನು ಹೊರಗೂ, ಹೊರಗಿನವನ್ನು ನಡುವಿಗೂ ತಂದರೆ ನಾಲ್ಕೂ ಹೆಚ್ಚುಕಡಿಮೆ ಸಮನಾಗಿ ಸವೆಯುತ್ತವೆ.

ಈಗ ಗಂಟು. ಈ ಕಲೆಯ ಬಹುಪಾಲು ಒಂದೇ ಗಂಟಿನ ಮೇಲೆ ನಿಂತಿದೆ, ಅದನ್ನು ನಿಧಾನವಾಗಿ ನೋಡಬೇಕು. ನಾಲ್ಕು ಎಳೆ ಇಳಿಬಿದ್ದಿವೆ. ಎಡದ ಎಳೆಯನ್ನು ನಡುವಿನ ಎರಡರ ಮುಂದೆ ಅಡ್ಡ ತಂದು, ಬಲದ ಎಳೆಯ ಕೆಳಗೆ ಬಿಡಿ. ಬಲದ ಎಳೆಯನ್ನು ನಡುವಿನ ಎರಡರ ಹಿಂದೆ ಒಯ್ದು, ಎಡದಲ್ಲಿ ಆದ ಕುಣಿಕೆಯಿಂದ ಮುಂದಕ್ಕೆ ಎಳೆದುಕೊಳ್ಳಿ. ಎರಡೂ ತುದಿ ಸಮನಾಗಿ ಜಗ್ಗಿ. ಇದು ಅರ್ಧ ಗಂಟು. ಉಳಿದರ್ಧಕ್ಕೆ ಇದನ್ನೇ ಬಲದಿಂದ ಮಾಡಬೇಕು: ಬಲದ್ದು ಮುಂದೆ, ಎಡದ್ದು ಹಿಂದೆ. ಆಗ ಗಂಟು ಚಪ್ಪಟೆಯಾಗಿ, ಚೌಕವಾಗಿ ಕೂರುತ್ತದೆ. ಒಂದರ ಕೆಳಗೊಂದು ಹೀಗೆ ಕಟ್ಟುತ್ತ ಹೋದರೆ ಜಡೆಯಂಥ ಪಟ್ಟಿ ಇಳಿಯುತ್ತದೆ.

ಬಲದಿಂದ ಮಾಡುವ ಅರ್ಧವನ್ನು ಮರೆತು ಪ್ರತಿಸಲವೂ ಎಡದಿಂದಲೇ ಕಟ್ಟಿದರೆ? ಪಟ್ಟಿ ಮೆಲ್ಲನೆ ತಿರುಗಲು ಶುರುವಾಗುತ್ತದೆ. ಐದಾರು ಗಂಟಾಗುವಷ್ಟರಲ್ಲಿ ಸುಮಾರು ಅರ್ಧ ಸುತ್ತು ಹೊರಳಿ, ಹಿಂದಿನ ಎಳೆ ಮುಂದೆ ಬಂದಿರುತ್ತದೆ. ಪ್ರತಿ ಅರ್ಧ ಗಂಟೂ ಒಂದೇ ಕಡೆಗೆ ಒಂದಿಷ್ಟು ಸೆಳೆಯುತ್ತದೆ, ಎದುರಿನ ಅರ್ಧ ಬಂದು ಆ ಸೆಳೆತವನ್ನು ಸರಿದೂಗಿಸದಿದ್ದರೆ ಸೆಳೆತಗಳು ಕೂಡುತ್ತ ಹೋಗಿ ಸುರುಳಿಯಾಗುತ್ತದೆ. ಮನೆಯಲ್ಲಿ ಒಬ್ಬರೇ ಕೂತು ಕಲಿಯುವವರಲ್ಲಿ ಎಷ್ಟೋ ಮಂದಿ ಸುರುಳಿಯನ್ನು ಕಂಡುಕೊಳ್ಳುವುದು ಹೀಗೆ ಮರೆತೇ. ತಪ್ಪೆಂದು ಬಿಚ್ಚಲು ಹೊರಟವರು ಕೈ ತಡೆದು ನೋಡುತ್ತಾರೆ, ಅದು ಚೆಂದವಾಗಿಯೇ ಇರುತ್ತದೆ. ಚಪ್ಪಟೆ ಪಟ್ಟಿಯೂ ಸುರುಳಿಯೂ ಒಂದೇ ಕೈಚಳಕದ ಎರಡು ಫಲ ಎಂದು ಯಾವ ಗುರುವೂ ಇಲ್ಲದೆ ತಿಳಿದುಬಿಡುತ್ತದೆ. ಜೋಳದ ಚೀಲದ ಬಾಯಿ ಕಟ್ಟುವಾಗ ನಡೆಯುವುದೂ ಇದೇ. ಎರಡು ಸಲವೂ ಒಂದೇ ಕಡೆಯಿಂದ ಕಟ್ಟಿದ ಗಂಟು ವಕ್ರ ಕೂತು ಜಾರುತ್ತದೆ, ಎಡ ಬಲ ಬದಲಿಸಿ ಕಟ್ಟಿದ್ದು ಚಪ್ಪಟೆ ಕೂತು ನಿಲ್ಲುತ್ತದೆ.

ಕುಂಡದ ನೆಲುವಿಗೆ ಎಂಟು ಹುರಿಗಳನ್ನು ಒಂದು ಬಳೆಯಲ್ಲಿ ತೂರಿಸಿ ನಡುವಿಗೆ ಮಡಿಸಿದರೆ ಹದಿನಾರು ಎಳೆ, ನಾಲ್ಕು ನಾಲ್ಕರ ನಾಲ್ಕು ಗುಂಪು. ಪ್ರತಿ ಗುಂಪಿಗೂ ಒಂದಿಷ್ಟು ಚೌಕ, ಒಂದಿಷ್ಟು ಸುರುಳಿ. ಕೆಳಗೆ ಬಂದಾಗ ಒಂದು ಗುಂಪಿನ ಎರಡು ಎಳೆ, ಪಕ್ಕದ ಗುಂಪಿನ ಎರಡು ಎಳೆ ಸೇರಿಸಿ ಗಂಟು ಹಾಕಬೇಕು. ಬಲೆ ಹುಟ್ಟುವುದು ಆಗ. ಬಲೆಯ ಕಣ್ಣು ದೊಡ್ಡದಾದರೆ ಕುಂಡ ನುಸುಳುತ್ತದೆ, ಸಣ್ಣದಾದರೆ ಒಳಗೇ ಹೋಗುವುದಿಲ್ಲ. ಮೊದಲೇ ಬಿಗಿಯದೆ ಜಾರುಗುಣಿಕೆ ಹಾಕಿ, ಕುಂಡ ಇಟ್ಟು, ಮೇಲೆ ಕೆಳಗೆ ಸರಿಸಿ, ಹೊಟ್ಟೆಯ ದಪ್ಪಕ್ಕೆ ಸರಿಯಾಗಿ ಕೂತ ಮೇಲೆ ಕಟ್ಟಿದರೆ ಸಾಮಾನು ಒಡೆಯುವುದಿಲ್ಲ.

ನಾಲ್ಕು ಗುಂಪಿನ ಉದ್ದ ಒಂದೇ ಇದೆಯೇ ಎಂಬುದನ್ನು ಕಣ್ಣಳತೆಗೆ ಬಿಡಬಾರದು. ಕುಂಡದ ಜಾಗದಲ್ಲಿ ಅಂಚಿಗಿಂತ ತುಸು ಕೆಳಗಿನವರೆಗೆ ನೀರು ತುಂಬಿದ ಸ್ಟೀಲ್ ಪಾತ್ರೆ ಇಟ್ಟು ತೂಗುಹಾಕಿ. ಯಾವ ಕಡೆ ನೀರು ಅಂಚು ಮುಟ್ಟುತ್ತದೋ ಆ ಕಡೆಯ ಹುರಿ ಉದ್ದವಾಗಿದೆ. ಒಂದು ಬೆರಳಗಲದ ವ್ಯತ್ಯಾಸವನ್ನೂ ನೀರು ಬಚ್ಚಿಡುವುದಿಲ್ಲ. ಆ ಕಡೆಯ ಒಂದೆರಡು ಗಂಟು ಬಿಚ್ಚಿ ಬಿಗಿಯಾಗಿ ಹಾಕಿದರೆ ಪಾತ್ರೆ ಸಮಕ್ಕೆ ಬರುತ್ತದೆ. ಭಾರವಿಟ್ಟೇ ನೋಡಬೇಕು ಎಂಬುದಕ್ಕೆ ಇನ್ನೊಂದು ಕಾರಣವಿದೆ: ಬರಿದಾಗಿ ತೂಗಿದಾಗ ಸೊಟ್ಟಗೆ ಕಾಣುವ ಗಂಟುಗಳು ಭಾರ ಬಿದ್ದೊಡನೆ ತಾವಾಗಿ ಸಾಲಾಗಿ ಕೂರುತ್ತವೆ. ನೆಲುವಿನ ನಿಜವಾದ ರೂಪ ಅದರಲ್ಲಿ ಗಡಿಗೆ ಕೂತಾಗಲೇ ಕಾಣುವುದು. ಗೋಡೆಗೆ ಅಂಟಿಸಿದ ಅಲಂಕಾರಕ್ಕಿಂತ ನೆಲುವನ್ನು ನಾನು ಹೆಚ್ಚು ಮೆಚ್ಚುವುದು ಇದೇ ಕಾರಣಕ್ಕೆ.

ಕೊನೆಯ ಕೆಲಸ ಗೊಂಡೆ. ಗೊಂಡೆಯ ವಿಷಯದಲ್ಲಿ ನಮ್ಮ ಕಡೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಾರಹುಣ್ಣಿಮೆ ಹತ್ತಿರ ಬಂತೆಂದರೆ ಸಂತೆಯಲ್ಲಿ ಮಗಡ, ಹಣೆಪಟ್ಟಿ, ಗೆಜ್ಜೆಸರ, ಬಾರಕೋಲುಗಳ ನಡುವೆ ಕೆಂಪು, ಹಸಿರು, ಹಳದಿ ಗೊಂಡೆಗಳು ಗೊಂಚಲು ಗೊಂಚಲಾಗಿ ತೂಗುತ್ತವೆ. ಎತ್ತಿನ ಕೊಂಬಿಗೂ ಹಣೆಗೂ ಅವು ಬೇಕೇ ಬೇಕು. ಸುತ್ತಲಿನ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು ಗೊಂಡೆಯ ತುದಿಗೆ ಕವಡೆ ಪೋಣಿಸುತ್ತಾರೆ. ಆ ಕವಡೆಯ ತೂಕಕ್ಕೆ ಎಳೆ ಗಾಳಿಗೆ ಸಿಕ್ಕಾಗದೆ ನೇರ ನಿಲ್ಲುತ್ತದೆ.

ಗೊಂಡೆ ಮಾಡಲು ನಾಲ್ಕು ಬೆರಳಗಲದ ರಟ್ಟಿಗೆ ನೂಲು ಸುತ್ತಿ, ಒಂದು ತುದಿಯಲ್ಲಿ ಬಿಗಿದು, ಇನ್ನೊಂದು ತುದಿ ಕತ್ತರಿಸಿದರಾಯಿತು. ಆದರೆ ಕುತ್ತಿಗೆ ಕಟ್ಟುವುದರಲ್ಲಿ ಜಾಣ್ಮೆಯಿದೆ. ಒಂದು ದಾರವನ್ನು ಕುಣಿಕೆ ಮಾಡಿ, ಕುಣಿಕೆ ಕೆಳಗೆ ಬರುವಂತೆ ಗೊಂಡೆಯ ಮೇಲೆ ಉದ್ದಕ್ಕೆ ಇಡಿ. ಅದೇ ದಾರದ ಉದ್ದ ತುದಿಯಿಂದ ಮೇಲಿನಿಂದ ಕೆಳಕ್ಕೆ ಒತ್ತೊತ್ತಾಗಿ ಸುತ್ತುತ್ತ ಬನ್ನಿ, ಮೊದಲ ಸುತ್ತಿನಿಂದಲೇ ಬಿಗಿ ಇರಲಿ. ಆರೇಳು ಸುತ್ತಾದ ಮೇಲೆ ತುದಿಯನ್ನು ಕುಣಿಕೆಯೊಳಗೆ ತೂರಿಸಿ, ಮೇಲೆ ಉಳಿದ ಚಿಕ್ಕ ತುದಿಯನ್ನು ಜಗ್ಗಿ. ಕುಣಿಕೆ ಆ ತುದಿಯನ್ನು ಕಚ್ಚಿಕೊಂಡು ಸುತ್ತುಗಳ ಅಡಿಗೆ ನುಗ್ಗುತ್ತದೆ. ಅರ್ಧಕ್ಕೆ ಹೋದಾಗ ನಿಲ್ಲಿಸಿ, ಹೊರಗೆ ಉಳಿದ ಎರಡೂ ತುದಿ ಕತ್ತರಿಸಿ. ಗಂಟು ಎಲ್ಲಿದೆ ಎಂದು ಎಷ್ಟು ಹುಡುಕಿದರೂ ಕಾಣುವುದಿಲ್ಲ. ಸುತ್ತಿನ ಬಿಗಿಯೇ ಗಂಟಿನ ಕೆಲಸ ಮಾಡುತ್ತಿರುತ್ತದೆ. ಕುಂಡದ ನೆಲುವಿನ ಬುಡದಲ್ಲಿ ಹದಿನಾರೂ ಎಳೆ ಕೂಡುವಲ್ಲಿ ಹಾಕುವುದೂ ಈ ಸುತ್ತನ್ನೇ. ಬುಡವೇ ಇಡೀ ಕುಂಡದ ಭಾರ ಹೊರುವುದರಿಂದ ಅಲ್ಲಿ ಸುತ್ತಿನ ಮೇಲೆ ಒಂದು ಗಂಟೂ ಇರುವುದು ಕ್ಷೇಮ.

ಈ ಗಂಟುಗಳು ಯಾರ ಸ್ವತ್ತು ಎಂದು ಕೇಳುವುದು ವ್ಯರ್ಥ. ಅರಬ್ ನೇಕಾರರು ಬಟ್ಟೆಯ ಅಂಚಿನ ಎಳೆಗಳನ್ನು ಗಂಟು ಹಾಕಿ ಕುಚ್ಚು ಮಾಡುತ್ತಿದ್ದರು, ನಾವಿಕರು ಬಿಡುವಿನಲ್ಲಿ ಇದನ್ನೇ ಮಾಡುತ್ತ ಸಮುದ್ರ ದಾಟಿಸಿದರು. ಅಮೆರಿಕದ ಕ್ಲಿಫರ್ಡ್ ಆಶ್ಲಿ 1944ರಲ್ಲಿ ಪ್ರಕಟಿಸಿದ ಗಂಟುಗಳ ಪುಸ್ತಕದಲ್ಲಿ 3,800ಕ್ಕೂ ಹೆಚ್ಚು ನಮೂದುಗಳಿವೆ. ನಮ್ಮ ಸಂಗತಿಗೆ ತೀರ ಹತ್ತಿರದ ಕತೆ ಬಂಗಾಳದ್ದು. ಅಲ್ಲಿನ ಹಳ್ಳಿಮನೆಗಳಲ್ಲೂ ಸೆಣಬಿನ ನೆಲುವು ಇತ್ತು, ಶಿಕಾ ಎನ್ನುತ್ತಾರೆ. 1971ರ ಯುದ್ಧದ ನಂತರ ಜೀವನಾಧಾರ ಕಳೆದುಕೊಂಡ ಬಾಂಗ್ಲಾದೇಶದ ಹೆಣ್ಣುಮಕ್ಕಳು ಸಂಘ ಕಟ್ಟಿಕೊಂಡು ಅದನ್ನೇ ಮಾಡಿ ಹೊರದೇಶಕ್ಕೆ ಕಳಿಸಿದರು. 1973ರಲ್ಲಿ ಶುರುವಾದ ಜೂಟ್ ವರ್ಕ್ಸ್ ಎಂಬ ಸಂಸ್ಥೆ ಇದಕ್ಕೆ ದಾರಿಯಾಯಿತು. ಅನ್ನದ ಗಡಿಗೆ ತೂಗುತ್ತಿದ್ದ ಹುರಿ ಪಶ್ಚಿಮದ ಮನೆಗಳ ಕಿಟಕಿಯಲ್ಲಿ ಹೂಗಿಡ ತೂಗಿತು, ಅದರ ದುಡ್ಡಿನಿಂದ ಹಳ್ಳಿಯ ಒಲೆ ಉರಿಯಿತು. ನಮ್ಮಲ್ಲಿ ನೆಲುವಿಗೆ ಇಂಥದೊಂದು ಎರಡನೆಯ ಬದುಕು ಸಿಗಬಾರದೇಕೆ ಎಂಬ ಆಸೆ ನನಗಿದೆ.

ಹುರಿ ಕೊಳ್ಳಲು ದುಡ್ಡಿಲ್ಲವೆಂದು ನಮ್ಮವರು ಕೈಕಟ್ಟಿ ಕೂತವರಲ್ಲ. ಗೊಬ್ಬರದ ಚೀಲದ ಎಳೆ ಬಿಡಿಸಿ ಹಗ್ಗ ಹೊಸೆದವರು, ಹಳೇ ಸೀರೆ ಹರಿದು ತೊಟ್ಟಿಲ ಹಗ್ಗ ಹೆಣೆದವರು ಮನೆಮನೆಗೂ ಇದ್ದಾರೆ. ಸೀರೆಯ ಪಟ್ಟಿ ನೆಲುವಿಗೆ ಬಹಳ ಒಳ್ಳೆಯದು: ಮೆತ್ತಗಿರುತ್ತದೆ, ಗಂಟು ಜಾರುವುದಿಲ್ಲ, ಬಣ್ಣ ತಾನಾಗಿ ಬರುತ್ತದೆ. ಚೀಲದ ಪ್ಲಾಸ್ಟಿಕ್ ಎಳೆ ನೀರಿಗೆ ಕೊಳೆಯದು, ಆದರೆ ನಮ್ಮ ಬಿಸಿಲಿಗೆ ಒಣಗಿ ಪುಡಿಯಾಗುತ್ತದೆ, ಅಂಗಳಕ್ಕೆ ಬೇಡ, ಒಳಗಿರಲಿ. ಪುಂಡಿ, ಸೆಣಬು, ಹತ್ತಿಯ ಹುರಿಗಳದ್ದು ಇದಕ್ಕೆ ವಿರುದ್ಧ. ನೀರು ಕುಡಿದು ಉಬ್ಬಿ ಉದ್ದದಲ್ಲಿ ಕುಗ್ಗುತ್ತವೆ, ಒಣಗಿ ಮತ್ತೆ ಸಡಿಲುತ್ತವೆ. ದಿನಾ ನೆನೆಯುವ ಬುಡ ಮೊದಲು ಕೊಳೆಯುತ್ತದೆ. ಕುಂಡದ ಅಡಿಗೊಂದು ತಟ್ಟೆ ಇಟ್ಟರೆ ನೆಲುವು ಬಹಳ ದಿನ ಬಾಳುತ್ತದೆ.

ತೂಗುಹಾಕಲು ಈಗ ಜಂತಿಗಳಿಲ್ಲ. ಸ್ಲ್ಯಾಬ್ ಹಾಕುವಾಗ ತೊಟ್ಟಿಲಿಗೆಂದು ಬಿಟ್ಟ ಕಬ್ಬಿಣದ ಕೊಂಡಿ ಇದ್ದರೆ ಅದಕ್ಕಿಂತ ಭದ್ರ ಜಾಗ ಬೇರೆಯಿಲ್ಲ. ಇಲ್ಲದಿದ್ದರೆ ಗೋಡೆಗೆ ಹೊಡೆದ ಬರಿ ಮೊಳೆಯನ್ನು ನಂಬಬೇಡಿ. ಮಣ್ಣು ತುಂಬಿ ನೀರು ಹಾಕಿದ ಕುಂಡ ಕೈಯಲ್ಲಿ ಎತ್ತಿದಾಗ ತೋರುವುದಕ್ಕಿಂತ ಹೆಚ್ಚು ಭಾರ. ಬಳೆಗೂ ಹುರಿಗೂ ನಡುವೆ ಒಂದು ತುಂಡು ಚರ್ಮವನ್ನೋ ಬಟ್ಟೆಯನ್ನೋ ಸುತ್ತಿದರೆ ಬಳೆ ಹುರಿಯನ್ನು ಕೊರೆಯುವುದು ತಪ್ಪುತ್ತದೆ. ವರ್ಷಕ್ಕೊಮ್ಮೆ, ಕಾರಹುಣ್ಣಿಮೆಗೆ ಎತ್ತಿನ ಹಗ್ಗ ಬದಲಿಸುವ ಹೊತ್ತಿಗೆ, ನೆಲುವನ್ನೂ ಇಳಿಸಿ ಬುಡದ ಸುತ್ತನ್ನು ಬೆರಳಿನಿಂದ ಒತ್ತಿ ನೋಡಿ. ಮೆತ್ತಗೆ ಸಿಕ್ಕರೆ ಆ ಭಾಗ ಕತ್ತರಿಸಿ, ಒಂದು ಗೇಣು ಮೇಲೆ ಹೊಸದಾಗಿ ಕಟ್ಟಬಹುದು, ಕುಂಡ ಸ್ವಲ್ಪ ಸಣ್ಣದಾದರಾಯಿತು.